ಕರಿ ಮೊಲ, ಬಿಳಿ ಮೊಲ ಮತ್ತು ನನ್ನ ತಿದ್ದುಪಡಿ

ಯಾವ ಪುಸ್ತಕವನ್ನೂ ಓದದೆ ಎಲ್ಲ ಪುಸ್ತಕಗಳನ್ನೂ ಓದಿದವನು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅವನು ಪ್ರೂಫ್ ನೋಡುವವನು. ನಾನು ಹತ್ತೊಂಬತ್ತು ವರ್ಷಗಳಿಂದ ಒಂದು ಪ್ರೆಸ್ಸಿನಲ್ಲಿ ಆ ಕೆಲಸ ಮಾಡುತ್ತಿದ್ದೇನೆ. ಹೃದ್ರೋಗದ ಬಗ್ಗೆ ಅರ್ಧ ಪುಸ್ತಕ, ಜೇನು ಸಾಕಣೆಯ ಬಗ್ಗೆ ಮುಕ್ಕಾಲು ಪುಸ್ತಕ, ಸುಖವಾಗಿ ಸಂಸಾರ ಮಾಡುವುದು ಹೇಗೆ ಎನ್ನುವ ಪುಸ್ತಕದ ಪರಿವಿಡಿ ಮಾತ್ರ (ಒಳಗಿನ ಪುಟಗಳು ಬೇರೊಬ್ಬರ ಮೇಜಿಗೆ ಹೋದವು, ಅವರು ಬ್ರಹ್ಮಚಾರಿ). ಹೀಗೆ ನನ್ನ ತಲೆಯಲ್ಲಿ ಇಲ್ಲದ ವಿಷಯವಿಲ್ಲ, ಪೂರ್ತಿ ಇರುವ ವಿಷಯವೂ ಇಲ್ಲ.

ಇಷ್ಟು ಜ್ಞಾನವಿದ್ದೂ ಮನೆಯಲ್ಲಿ ನನಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ. ಹೆಂಡತಿ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ನಾನು ಬಾಯಿ ತೆರೆದರೆ ಸಾಕು, ಯಂತ್ರದ ಪೆಡಲನ್ನು ಜೋರಾಗಿ ತುಳಿಯುತ್ತಾಳೆ. ಕಳೆದ ವರ್ಷ ಇದಕ್ಕೆ ಅತ್ತೆಯೂ ಸೇರಿಕೊಂಡರು. ಎರಡು ಪೆಟ್ಟಿಗೆ, ಒಂದು ಕೊಡೆ, ಬುಟ್ಟಿಯೊಳಗೆ ಒಂದು ಬಿಳಿ ಹೆಣ್ಣು ಮೊಲದ ಸಮೇತ ಬಂದಿಳಿದು, ಹದಿನೈದು ದಿನ ಇದ್ದು ಹೋಗುತ್ತೇನೆ ಎಂದರು. ಆ ಹದಿನೈದು ದಿನ ಇನ್ನೂ ನಡೆಯುತ್ತಲೇ ಇದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅವರ ಕೆಮ್ಮಿನ ಬಗ್ಗೆ. ಅದು ರೋಗದ ಕೆಮ್ಮಲ್ಲ, ಅಭಿಪ್ರಾಯದ ಕೆಮ್ಮು. ನಾನೊಂದು ಜ್ಞಾನದ ಮಾತು ಆಡಿದಾಗ ಅವರು ಒಂದು ಸಲ ಕೆಮ್ಮಿದರೆ ‘ಸಂಶಯ’ ಎಂದರ್ಥ. ಎರಡು ಸಲ ಕೆಮ್ಮಿದರೆ ‘ಶುದ್ಧ ಸುಳ್ಳು’.

ಹೀಗಿರುವಾಗ ನಮ್ಮ ಪ್ರೆಸ್ಸಿಗೆ ಪ್ರೌಢಶಾಲೆಯ ವಿಜ್ಞಾನದ ಪುಸ್ತಕವೊಂದು ಬಂತು. ಬರೆದವರು ಒಬ್ಬ ಟೀಚರಮ್ಮ. ಅದರ ಐದನೆಯ ಪಾಠ, ತಂದೆತಾಯಿಯ ಗುಣ ಮಕ್ಕಳಿಗೆ ಹೇಗೆ ಬರುತ್ತದೆ ಎನ್ನುವುದು, ನನ್ನ ಪಾಲಿಗೆ ಬಿತ್ತು. ಓದುತ್ತ ಓದುತ್ತ ನಾನು ಕುರ್ಚಿಯ ತುದಿಗೆ ಬಂದೆ. ಒಂದೊಂದು ಗುಣಕ್ಕೂ ಮಗು ತಾಯಿಯಿಂದ ಒಂದು ಪಾಲು, ತಂದೆಯಿಂದ ಒಂದು ಪಾಲು ಪಡೆಯುತ್ತದಂತೆ. ಎರಡು ಪಾಲೂ ಬೇರೆ ಬೇರೆಯಾಗಿದ್ದರೆ ಪ್ರಬಲವಾದದ್ದು ಹೊರಗೆ ಕಾಣಿಸಿಕೊಂಡು ಮೆರೆಯುತ್ತದೆ, ಸುಪ್ತವಾದದ್ದು ಒಳಗೆ ಉಸಿರೆತ್ತದೆ ಕೂತಿರುತ್ತದೆ. (ಇದನ್ನು ಕಂಡುಹಿಡಿಯಲು ವಿಜ್ಞಾನಿಗಳು ಅಷ್ಟು ಕಷ್ಟಪಡಬೇಕಿರಲಿಲ್ಲ, ನಮ್ಮ ಮನೆಗೆ ಒಂದು ಸಂಜೆ ಬಂದಿದ್ದರೆ ಸಾಕಿತ್ತು.)

ಉದಾಹರಣೆಗೆ ಟೀಚರಮ್ಮ ಮೊಲಗಳನ್ನೇ ತೆಗೆದುಕೊಂಡಿದ್ದರು. ಕರಿ ಬಣ್ಣ ಪ್ರಬಲ, ಬಿಳಿ ಸುಪ್ತ. ನಲವತ್ತಾರನೆಯ ಪುಟದಲ್ಲಿ ಒಂದು ಚೌಕ ಬರೆದು ನಾಲ್ಕು ಮನೆ ಮಾಡಿದ್ದರು. ಮೇಲೆ ಕರಿ ಮೊಲದ ಎರಡು ಪಾಲು: ಕ, ಕ. ಪಕ್ಕದಲ್ಲಿ ಬಿಳಿ ಮೊಲದ ಎರಡು ಪಾಲು: ಬ, ಬ. ಒಳಗಿನ ನಾಲ್ಕೂ ಮನೆಗಳಲ್ಲಿ ‘ಕಬ’. ಅಂದರೆ ಎಲ್ಲ ಮರಿಯಲ್ಲೂ ಒಂದು ಕರಿ ಪಾಲು, ಅಂದರೆ ಎಲ್ಲ ಮರಿಯೂ ಕರಿ. ಗುಣಾಕಾರದ ಮಗ್ಗಿಯಷ್ಟು ಖಚಿತ. ನಲವತ್ತೇಳನೆಯ ಪುಟದಲ್ಲಿ ಏನಿತ್ತೆಂದು ನಾನು ನೋಡಲಿಲ್ಲ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು, ಡಬ್ಬಿಯನ್ನು ಅದರ ಮೇಲಿಟ್ಟುಕೊಂಡು ಉಂಡೆ. ಉಂಡು ಎದ್ದು ನಲವತ್ತೆಂಟಕ್ಕೆ ಹೋದೆ.

ಆ ಸಂಜೆ ಮನೆಗೆ ಬಂದಾಗ ಹೆಂಡತಿ ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದಳು. ಅತ್ತೆ ಗುಂಡಿ ಹಚ್ಚುತ್ತಿದ್ದರು. ಮೊಲ (ಅದರ ಹೆಸರು ‘ಹತ್ತಿ’) ಅಳತೆ ಟೇಪಿನ ಹದಿನೆಂಟನೆಯ ಇಂಚನ್ನು ಮೆಲ್ಲುತ್ತಿತ್ತು.

“ಇದಕ್ಕೊಂದು ಜೊತೆ ಬೇಕು ಕಣೇ,” ಎಂದು ಅತ್ತೆ ಮಗಳಿಗೆ ಹೇಳಿದರು. “ಒಂಟಿಯಾಗಿದ್ದು ಬೇಜಾರಾಗಿ ಹೀಗೆ ಮಾಡ್ತಿದೆ. ಪಕ್ಕದ ಮನೆ ಸ್ಟೇಷನ್ ಮಾಸ್ಟರ ಹತ್ರ ಗಂಡು ಇದೆಯಲ್ಲ, ಕರೀದು. ಮರಿಯಾದ್ರೆ ಮನೆ ತುಂಬಾ ಓಡಾಡ್ಕೊಂಡಿರ್ತವೆ.”

“ಎಲ್ಲಾ ಕರಿ ಮರಿ ಹುಟ್ಟತ್ತೆ,” ಎಂದೆ ನಾನು, ಚಪ್ಪಲಿ ಬಿಡುತ್ತಲೇ.

ಹೆಂಡತಿ ಪೆಡಲು ನಿಲ್ಲಿಸಿದಳು. “ನಿಮಗೆ ಕನಸು ಬಿದ್ದಿತ್ತಾ?”

“ಕನಸಲ್ಲ, ಶಾಸ್ತ್ರ. ಬರೆದು ತೋರಿಸ್ತೀನಿ.”

ಕತ್ತರಿಸುವ ಮೇಜಿನ ಮೇಲೆ ಕರಿ ಬಟ್ಟೆಯೊಂದು ಹಾಸಿತ್ತು. ಪಕ್ಕದಲ್ಲೇ ಗುರುತು ಹಾಕುವ ಸೀಮೆಸುಣ್ಣ. ಕರಿ ಹಲಗೆ, ಬಿಳಿ ಸುಣ್ಣ, ಇಬ್ಬರು ಶ್ರೋತೃಗಳು. ಮೇಷ್ಟ್ರಾಗುವುದಕ್ಕೆ ಮನುಷ್ಯನಿಗೆ ಇನ್ನೇನು ಬೇಕು. ನಾನು ಚೌಕ ಎಳೆದು, ನಾಲ್ಕು ಮನೆ ಮಾಡಿ, ತುಂಬಿ, ಗಟ್ಟಿಯಾಗಿ ಓದಿದೆ: “ಕಬ, ಕಬ, ಕಬ, ಕಬ.”

“ನಿಮಗೆ ಗಬಗಬ ಒಂದೇ ಗೊತ್ತು ಅಂದ್ಕೊಂಡಿದ್ದೆ,” ಎಂದಳು ಹೆಂಡತಿ. “ಈಗ ಕಬಕಬಾನೂ ಶುರುವಾಯ್ತಾ?”

ಅತ್ತೆ ಹಲ್ಲಿನಿಂದ ದಾರ ಕಡಿದು, ಎರಡು ಸಲ ಕೆಮ್ಮಿದರು.

“ಅಳಿಯಂದಿರೇ, ನಾನು ಚಿಕ್ಕವಳಿದ್ದಾಗ ನಮ್ಮನೇಲಿ ನಲವತ್ತು ಮೊಲ ಇತ್ತು. ಎಲ್ಲಾ ಕರೀದೇ ಹುಟ್ಟಿದ್ದೂ ನೋಡಿದೀನಿ, ಅರ್ಧಕ್ಕರ್ಧ ಬಿಳೀದು ಹುಟ್ಟಿದ್ದೂ ನೋಡಿದೀನಿ. ಆ ಕರೀದರ ಒಳಗೆ ಬಿಳೀದು ಕೂತಿದೆಯೋ ಇಲ್ವೋ ಅಂತ ನೀವು ಹೊರಗಿಂದ ಹೇಗೆ ಹೇಳ್ತೀರಿ?”

“ಅತ್ತೆ, ನೀವು ನೋಡಿದ್ದು ಮೊಲ. ನಾನು ನೋಡಿರೋದು ಪುಸ್ತಕ.”

“ಸರಿ, ಹಾಗಾದ್ರೆ ಪಂದ್ಯ. ಒಂದೇ ಒಂದು ಬಿಳಿ ಮರಿ ಹುಟ್ಟಿದ್ರೂ ಒಂದು ವರ್ಷ ಗೂಡಿನ ಹಿಕ್ಕೆ ನೀವೇ ಬಳೀಬೇಕು.”

“ಎಲ್ಲಾ ಕರೀದೇ ಆದ್ರೆ ನಾನು ಮಾತಾಡುವಾಗ ನೀವು ಕೆಮ್ಮಬಾರದು. ಆಯುಷ್ಯಪೂರ್ತಿ.”

“ಕೆಮ್ಮು ಬಂದ್ರೆ?”

“ಹೊರಗೆ ಹೋಗಿ ಕೆಮ್ಮಬೇಕು.”

ಪಂದ್ಯವಾಯಿತು. ಮಾರನೆಯ ಬೆಳಿಗ್ಗೆ ವಕೀಲರೊಬ್ಬರು ಆತುರಾತುರವಾಗಿ ಬಂದು, ಮೇಜಿನ ಮೇಲಿದ್ದ ತಮ್ಮ ಕೋಟನ್ನು ತೊಟ್ಟುಕೊಂಡು ಓಡಿದರು. ಹೌದು, ನನ್ನ ಕರಿ ಹಲಗೆ ಅದೇ. ಕೋರ್ಟಿನಲ್ಲಿ ಅವರು ವಾದ ಮಾಡಿ ಬೆನ್ನು ತಿರುಗಿಸಿದಾಗ ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು, “ಕಬ ಎಂದರೆ ಏನು?” ಎಂದು ಕೇಳಿದರಂತೆ. ಬೆನ್ನಿಗೆ ಕಣ್ಣಿಲ್ಲದ ವಕೀಲರು, ಅದು ತಾವು ಓದದ ಯಾವುದೋ ಕಾನೂನಿರಬೇಕು ಎಂದುಕೊಂಡು, “ಮುಂದಿನ ವಾಯಿದೆಯಲ್ಲಿ ವಿವರಿಸುತ್ತೇನೆ ಸ್ವಾಮಿ,” ಎಂದರಂತೆ. ಸಂಜೆ ಅವರು ನಮ್ಮ ಮನೆಗೆ ಬಂದು ವಿವರ ಕೇಳಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ಸುಣ್ಣ ಒರೆಸಿದರೆ ಹೋಗುತ್ತದೆ ಎಂದು ನಾನು ಹೇಳಿದೆ. ಮರ್ಯಾದೆಯೂ ಹಾಗೇ ಎಂದರು ಅವರು.

ಪಕ್ಕದ ಮನೆಯ ಸ್ಟೇಷನ್ ಮಾಸ್ಟರು ನಿವೃತ್ತರಾಗಿ ಆರು ವರ್ಷವಾಗಿದೆ. ರೈಲು ಅವರನ್ನು ಬಿಟ್ಟರೂ ಅವರು ರೈಲನ್ನು ಬಿಟ್ಟಿಲ್ಲ. ಮನೆಗೆ ಬರುವವರು, ಹೋಗುವವರು, ಹಾಲಿನವನು, ಅಂಚೆಯವನು, ಎಲ್ಲರ ವೇಳೆಯನ್ನೂ ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆದಿಡುತ್ತಾರೆ. ಅವರ ಕರಿ ಗಂಡು ಮೊಲದ ಹೆಸರು ‘ಇಂಜಿನ್’. ನಾನು ಹತ್ತಿಯನ್ನು ಬುಟ್ಟಿಯಲ್ಲಿ ಎತ್ತಿಕೊಂಡು ಹೋದಾಗ ಅವರು ಗಡಿಯಾರ ನೋಡಿ, ‘ಆಗಮನ: ಹತ್ತು ಗಂಟೆ ಏಳು ನಿಮಿಷ’ ಎಂದು ಬರೆದುಕೊಂಡರು. ಹತ್ತೂಕಾಲಿಗೆ ‘ನಿರ್ಗಮನ’ ಬರೆದು, “ಮೂವತ್ತೊಂದು ದಿನ. ಒಂದು ದಿನ ಆಚೀಚೆ ಆಗಬಹುದು, ಅಷ್ಟು ತಡ ಎಲ್ಲಾ ಗಾಡೀಲೂ ಇರತ್ತೆ,” ಎಂದರು.

ಆ ಮೂವತ್ತೊಂದು ದಿನ ನಾನು ಬದುಕಿದ ಹಾಗೆ ಯಾರೂ ಬದುಕಿರಲಾರರು. ಕಂಡದ್ದಕ್ಕೆಲ್ಲ ಚೌಕ ಬರೆದೆ. ಗೊರಕೆ, ಸಿಡುಕು, ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಬೇಕೆನ್ನುವ ಚಾಳಿ, ಇವೆಲ್ಲ ಒಂದೊಂದು ಗುಣ, ಎಲ್ಲಕ್ಕೂ ನಾಲ್ಕು ಮನೆ. ಪುಸ್ತಕದಲ್ಲಿ ಟೀಚರಮ್ಮ, ಮನುಷ್ಯರ ಬಹುಪಾಲು ಗುಣಗಳು ಹೀಗೆ ಒಂದೇ ಜೋಡಿ ಪಾಲಿನಿಂದ ಬರುವುದಿಲ್ಲ ಎಂದು ಬರೆದಿದ್ದರು. ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದರಿಂದ ಸಣ್ಣ ವಿಷಯವೆಂದು ಬಿಟ್ಟೆ. ಒಂದು ಭಾನುವಾರ ಹೆಂಡತಿಯ ಹಟದ ಚೌಕ ಬರೆದು, ಹಟವೆಂಬುದು ಪ್ರಬಲ ಗುಣ, ಅದು ತಾಯಿಯ ಕಡೆಯಿಂದ ಬಂದಿದೆ, ತೀರಿಕೊಂಡ ಮಾವನವರು ಸುಪ್ತರು ಎಂದು ಸಾಧಿಸಿ, ಅಡುಗೆಮನೆಯ ಗೋಡೆಗೆ ಅಂಟಿಸಿದೆ.

ಹೆಂಡತಿ ಅದನ್ನು ಓದಿ, “ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ನಮ್ಮಜ್ಜಿ ಒಂದೇ ಸಾಲಲ್ಲಿ ಹೇಳ್ತಿದ್ರು. ಅದಕ್ಕೆ ನೀವು ಗೋಡೆ ಹಾಳು ಮಾಡಬೇಕಿತ್ತಾ?” ಎಂದಳು. ಆಮೇಲೆ, “ನಿಮ್ಮ ಈ ಗುಣ ಇದೆಯಲ್ಲ, ಅದು ಗುಣವಾಗೋ ಗುಣ ಅಲ್ಲ,” ಎಂದು ಸೇರಿಸಿದಳು.

ಆ ವಾರದಲ್ಲೇ ಪ್ರೆಸ್ಸಿನಲ್ಲಿ ಪುಸ್ತಕದ ಮೂರನೆಯ ಪ್ರೂಫು, ಅಂದರೆ ಕೊನೆಯ ಪ್ರೂಫು, ನನ್ನ ಮೇಜಿಗೆ ಬಂತು. ಇದಾದ ಮೇಲೆ ಬರೆದವರೂ ನೋಡುವುದಿಲ್ಲ, ನೇರವಾಗಿ ಮೆಷಿನ್ನಿಗೆ ಹೋಗುತ್ತದೆ. ನನ್ನ ಪಾಲಿಗೆ ಬಿದ್ದ ಕೊನೆಯ ಪುಟಗಳಲ್ಲಿ ಅಭ್ಯಾಸದ ಉತ್ತರಗಳಿದ್ದವು. ‘ಕರಿ ಮೊಲಕ್ಕೂ ಬಿಳಿ ಮೊಲಕ್ಕೂ ಹುಟ್ಟುವ ಮರಿಗಳ ಬಣ್ಣವೇನು?’ ಎಂಬ ಪ್ರಶ್ನೆಗೆ, ‘ಎಲ್ಲವೂ ಕರಿ, ಇಲ್ಲವೆ ಸುಮಾರು ಅರ್ಧ ಕರಿ, ಅರ್ಧ ಬಿಳಿ’ ಎಂದು ಉತ್ತರ ಕೊಟ್ಟಿದ್ದರು.

ನನಗೆ ಮೈ ಉರಿಯಿತು. ಪ್ರಶ್ನೆ ಒಂದಾದರೆ ಉತ್ತರ ಒಂದಿರಬೇಡವೇ. ಅತ್ತ ಅತ್ತೆಯ ಮಾತನ್ನೇ ಇತ್ತ ಟೀಚರಮ್ಮನೂ ಆಡುತ್ತಿರುವುದು ನನಗೆ ಪಿತೂರಿಯ ಹಾಗೆ ಕಂಡಿತು. ಕೆಂಪು ಪೆನ್ನು ತೆಗೆದು, ‘ಇಲ್ಲವೆ’ ಎಂಬುದರಿಂದ ಕೊನೆಯ ‘ಬಿಳಿ’ಯವರೆಗೆ ಒಂದೇ ಗೆರೆಯಲ್ಲಿ ಹೊಡೆದುಹಾಕಿದೆ. ಐದು ಸಾವಿರ ಮಕ್ಕಳನ್ನು ಗೊಂದಲದಿಂದ ಪಾರು ಮಾಡಿದ ಸಮಾಧಾನದಲ್ಲಿ ಆ ದಿನ ಎರಡು ಲೋಟ ಕಾಫಿ ಕುಡಿದೆ.

ಮೂವತ್ತೊಂದನೆಯ ದಿನ ಬೆಳಿಗ್ಗೆ ಹತ್ತಿ ತನ್ನ ಎದೆಯ ತುಪ್ಪಳವನ್ನೇ ಕಿತ್ತು ಗೂಡಿನ ಮೂಲೆಯಲ್ಲಿ ಮೆತ್ತೆ ಮಾಡಿತ್ತು. ಅದರೊಳಗೆ ಏನೋ ಮಿಸುಕುತ್ತಿತ್ತು. ಅತ್ತೆ ಬಗ್ಗಿ ನೋಡಿ, “ಎಂಟು,” ಎಂದರು.

“ಬಣ್ಣ?”

“ಬಣ್ಣ ಎಲ್ಲಿಂದ ಬರತ್ತೆ? ಮೈಮೇಲೆ ಒಂದು ಕೂದಲಿಲ್ಲ. ನಾಲ್ಕು ದಿನ ಯಾರೂ ಹತ್ರ ಬರಬೇಡಿ, ತಾಯಿ ಗಾಬರಿಯಾಗತ್ತೆ.”

ತಾಯಿಗಿಂತ ಹೆಚ್ಚು ಗಾಬರಿಯಾಗಿದ್ದದ್ದು ನನಗೆ. ನಾಲ್ಕನೆಯ ದಿನ ಮೂವರೂ ಗೂಡಿನ ಮುಂದೆ ಕೂತೆವು. ಅತ್ತೆ ಮೆಲ್ಲಗೆ ತುಪ್ಪಳ ಸರಿಸಿದರು. ಮೂರು ಮರಿಗಳ ಚರ್ಮ ಮಸಿ ಬಳಿದಂತೆ ಕಪ್ಪಾಗಿತ್ತು. ಐದು ಮರಿಗಳು ಗುಲಾಬಿ ಬಣ್ಣದಲ್ಲಿ ಹೊಳೆಯುತ್ತಿದ್ದವು.

ನಾನು ಹೇಳಿದೆ: “ಆ ಐದು ಸ್ವಲ್ಪ ನಿಧಾನ.”

“ನಿಧಾನ ಅಂದ್ರೆ?” ಎಂದಳು ಹೆಂಡತಿ.

“ಕೆಲವು ಮಕ್ಕಳು ಬೇಗ ಮಾತು ಕಲೀತಾವೆ, ಕೆಲವು ತಡವಾಗಿ. ಕಪ್ಪಾಗೋದೂ ಹಾಗೇ.”

“ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋವ್ರ ಕಥೆ ಕೇಳಿದ್ದೆ. ನೀವು ಹಿಡಿದ ಮೊಲಕ್ಕೆ ಬಣ್ಣಾನೂ ನೀವೇ ಹಚ್ತೀರಾ?”

ನಾನು ಬಿಡಲಿಲ್ಲ. ದಿನಕ್ಕೆರಡು ಸಲ ಗೂಡಿನ ಮುಂದೆ ಕೂತು ಆ ಐದು ಮರಿಗಳನ್ನು ಹುರಿದುಂಬಿಸಿದೆ. ವಕೀಲರ ಕೋಟು ಹೊಲಿದು ಉಳಿದಿದ್ದ ಕರಿ ಬಟ್ಟೆಯ ಚೂರೊಂದನ್ನು ಪಕ್ಕದಲ್ಲಿ ನೇತುಹಾಕಿದೆ, ನೋಡಿ ಕಲಿಯಲಿ ಎಂದು. ಹತ್ತನೆಯ ದಿನ ತುಪ್ಪಳ ಬಂತು. ಹಾಲಿನಂಥ ಬಿಳುಪು. ಐದಕ್ಕೆ ಐದೂ.

ಅತ್ತೆ ಪೊರಕೆ ಮತ್ತು ಮೊರವನ್ನು ತಂದು ನನ್ನ ಕಾಲ ಬಳಿ ಇಟ್ಟು, ಒಳಗೆ ಹೋದರು.

ಸೋಲುವುದು ಒಂದು ವಿಷಯ. ಶಾಸ್ತ್ರ ಸೋಲುವುದು ಇನ್ನೊಂದು. ಕರಿ ಮೊಲದಿಂದ ಬಿಳಿ ಮರಿ ಹುಟ್ಟಿದೆ ಎಂದರೆ ಆ ಎಂಟು ನಿಮಿಷದಲ್ಲಿ ಪಕ್ಕದ ಮನೆಯಲ್ಲಿ ಏನೋ ಮೋಸವಾಗಿದೆ, ಬೇರೆ ಯಾವುದೋ ಬಿಳಿ ಗಂಡು ಮೊಲ ನುಸುಳಿದೆ ಎಂದು ನನ್ನ ಬುದ್ಧಿ ನಿರ್ಣಯಿಸಿತು. ಪೊರಕೆ ಹಿಡಿದುಕೊಂಡೇ ಸ್ಟೇಷನ್ ಮಾಸ್ಟರ ಮನೆಗೆ ಹೋದೆ.

“ಆ ದಿನ ನಿಮ್ಮ ಗೂಡಿನಲ್ಲಿ ಇಂಜಿನ್ ಒಂದೇ ಇತ್ತಾ?” ಎಂದು ಕೇಳಿದೆ.

“ಏನು ಹಾಗಂದ್ರೆ?”

“ಅಂದ್ರೆ, ಇಂಜಿನ್ ಅಲ್ಲದೆ ಬೇರೆ ಯಾವುದಾದ್ರೂ ಗಾಡಿ ಅದೇ ಹಳಿ ಮೇಲೆ...”

ಅವರ ಮೀಸೆ ನೆಟ್ಟಗಾಯಿತು. “ನೋಡಿ, ಮೂವತ್ನಾಲ್ಕು ವರ್ಷ ಸೇವೇಲಿ ನನ್ನ ಸ್ಟೇಷನ್ನಿನಲ್ಲಿ ಒಂದು ಹಳಿ ಮೇಲೆ ಎರಡು ಗಾಡಿ ಬಂದಿಲ್ಲ. ನೀವು ನನ್ನ ಮೊಲದ ಮರ್ಯಾದೆ ಪ್ರಶ್ನೆ ಮಾಡ್ತಿದ್ದೀರೋ, ನನ್ನದೋ?”

“ಎರಡೂ ಅಲ್ಲ ಸ್ವಾಮಿ. ಕರಿಗೆ ಬಿಳಿ ಹೇಗೆ ಹುಟ್ತು ಅಂತ ಅಷ್ಟೇ.”

ಅವರು ರಿಜಿಸ್ಟರ್ ತೆಗೆದು, ಬೆರಳಿಗೆ ಉಗುಳು ಹಚ್ಚಿ, ಪುಟ ಮಗುಚಿ, ಒಂದು ಸಾಲಿನ ಮೇಲೆ ಬೆರಳಿಟ್ಟರು. “ಓದಿ. ‘ಇಂಜಿನ್. ಬಣ್ಣ ಕರಿ. ತಂದೆ ಕರಿ. ತಾಯಿ ಬಿಳಿ.’ ಅದರ ತಾಯಿ ಅಚ್ಚ ಬಿಳಿ, ಕಣ್ಣು ಮಾತ್ರ ಕೆಂಪು.”

“ಇದನ್ನ ಯಾಕೆ ಮೊದಲೇ ಹೇಳಲಿಲ್ಲ?”

“ನೀವು ಕೇಳಲಿಲ್ಲ. ಗಾಡಿ ಎಲ್ಲಿಂದ ಬಂತು ಅಂತ ಕೇಳದೆ ಹತ್ತಿ ಕೂತವರಿಗೆ ಸ್ಟೇಷನ್ ಮಾಸ್ಟರ್ ಏನು ಮಾಡೋಕಾಗತ್ತೆ?”

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ತಾಯಿ ಬಿಳಿ. ಅಂದರೆ ಇಂಜಿನ್ನಿನ ಎರಡು ಪಾಲಿನಲ್ಲಿ ಒಂದು ತಾಯಿಯದು, ಬ. ಹೊರಗೆ ಕರಿಯಾಗಿ ಮೆರೆದರೂ ಒಳಗೊಂದು ಬಿಳಿ ಉಸಿರೆತ್ತದೆ ಕೂತಿತ್ತು. ಪೊರಕೆಯ ಹಿಡಿಯಿಂದ ಅಂಗಳದ ಮಣ್ಣಿನಲ್ಲಿ ಚೌಕ ಗೀರಿದೆ. ಮೇಲೆ ಕ, ಬ. ಪಕ್ಕದಲ್ಲಿ ಬ, ಬ. ಒಳಗೆ ಎರಡು ಮನೆ ಕಬ, ಎರಡು ಮನೆ ಬಬ. ಎರಡು ಕರಿ, ಎರಡು ಬಿಳಿ. ಅರ್ಧಕ್ಕರ್ಧ.

ಅರ್ಧಕ್ಕರ್ಧ ಎಂಬ ಮಾತು ನಾಲಿಗೆಯ ಮೇಲೆ ಬಂದ ಕ್ಷಣ ನನಗೆ ಉತ್ತರಗಳ ಪುಟ ನೆನಪಾಯಿತು. ಕೆಂಪು ಗೆರೆ ನೆನಪಾಯಿತು. ಪುಸ್ತಕ ಮೆಷಿನ್ನಿಗೆ ಏರುವ ದಿನ ಇದೇ ಎಂಬುದೂ ನೆನಪಾಯಿತು. ಐದು ಸಾವಿರ ಮಕ್ಕಳು, ಅವರ ಮೇಷ್ಟ್ರುಗಳು, ಅವರ ಪರೀಕ್ಷೆಗಳು. ಸರಿಯಾಗಿ ಬರೆದ ಮಗುವಿನ ಉತ್ತರಕ್ಕೆ ನನ್ನ ಕಾರಣದಿಂದ ಸೊನ್ನೆ ಬೀಳುವುದು ಕಣ್ಣಿಗೆ ಕಟ್ಟಿತು. ಪೊರಕೆಯ ಸಮೇತ ಓಡಿದೆ.

ಪ್ರೆಸ್ಸಿನೊಳಗೆ ನುಗ್ಗಿದಾಗ ಮೆಷಿನ್ನು ಧಡಧಡ ಹೊಡೆಯುತ್ತಿತ್ತು. “ನಿಲ್ಲಿಸಿ, ನಿಲ್ಲಿಸಿ,” ಎಂದು ಪೊರಕೆ ಎತ್ತಿ ಬೀಸಿದೆ. ಮೆಷಿನ್ ನಡೆಸುವವರು ಹೆದರಿ ಸ್ವಿಚ್ಚು ಒತ್ತಿದರು. ಮೊದಲ ಹಾಳೆಗಳನ್ನು ನೋಡಲು ಬಂದಿದ್ದ ಟೀಚರಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಸದ್ದು ನಿಂತದ್ದು ಕೇಳಿ ಡಿಟಿಪಿ ಅಕ್ಕ ತನ್ನ ಕಂಪ್ಯೂಟರ್ ಬಿಟ್ಟು ಬಂದಳು. ಈ ಡಿಟಿಪಿ ಅಕ್ಕ ಹನ್ನೊಂದು ವರ್ಷದಿಂದ ನಾನು ತಿದ್ದಿದ ಪುಟಗಳನ್ನು ಕಂಪ್ಯೂಟರಿನಲ್ಲಿ ಸರಿಪಡಿಸುವಾಕೆ. ಮಾಲೀಕರೂ ಅವಳನ್ನು ಅಕ್ಕ ಎಂದೇ ಕರೆಯುತ್ತಾರೆ, ಹೆದರಿಕೆಯಿಂದ.

ನಾನು ಎಲ್ಲರ ಮುಂದೆ ನಿಂತು ತಪ್ಪೊಪ್ಪಿಕೊಂಡೆ. ಮೊಲ, ಪಂದ್ಯ, ಕೆಂಪು ಗೆರೆ, ಇಂಜಿನ್ನಿನ ತಾಯಿ, ಒಂದನ್ನೂ ಮುಚ್ಚಿಡಲಿಲ್ಲ. ಕೆಲಸ ಹೋದರೆ ಹೋಗಲಿ, ಮಕ್ಕಳಿಗೆ ಅನ್ಯಾಯವಾಗಬಾರದು ಎಂದೂ ಹೇಳಿದೆ.

ಡಿಟಿಪಿ ಅಕ್ಕ ಅಚ್ಚಾದ ಹಾಳೆಯೊಂದನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ‘ಎಲ್ಲವೂ ಕರಿ, ಇಲ್ಲವೆ ಸುಮಾರು ಅರ್ಧ ಕರಿ, ಅರ್ಧ ಬಿಳಿ.’ ಒಂದಕ್ಷರವೂ ಅಳಿಸಿರಲಿಲ್ಲ.

“ನಾನು ಹೊಡೆದು ಹಾಕಿದ್ದೆನಲ್ಲ?”

“ಹೊಡೆದಿದ್ರಿ. ನಾನು ಹಾಕಲಿಲ್ಲ. ನೀವು ಕಾಗುಣಿತ ತಿದ್ದಿದ್ದು ಹಾಕ್ತೀನಿ ಸರ್. ಬುದ್ಧಿ ತಿದ್ದಿದ್ದು ಹಾಕಲ್ಲ.”

“ಯಾವತ್ತಿಂದ?”

“ನಾನು ಸೇರಿದಾಗಿಂದ. ಜೇನಿನ ಪುಸ್ತಕದಲ್ಲಿ, ರಾಣಿ ಜೇನು ಆಗಾಗ ಗಂಡನ ಮಾತು ಕೇಳಿದ್ರೆ ಗೂಡಿಗೆ ಒಳ್ಳೇದು ಅಂತ ಸೇರಿಸಿದ್ರಲ್ಲ, ಅದನ್ನ ಹಾಕಿದ್ರೆ ಈ ಪ್ರೆಸ್ ಇರ್ತಿತ್ತಾ?”

ಹನ್ನೊಂದು ವರ್ಷ ನಾನು ಅಕ್ಷರಲೋಕವನ್ನು ಉದ್ಧಾರ ಮಾಡುತ್ತಿದ್ದೇನೆಂದುಕೊಂಡಿದ್ದೆ. ಲೋಕಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ. ನೆಮ್ಮದಿಯಾಯಿತು, ಅವಮಾನವೂ ಆಯಿತು. ಎರಡರಲ್ಲಿ ಯಾವುದು ಪ್ರಬಲವೆಂದು ಈಗಲೂ ಹೇಳಲಾರೆ.

ಟೀಚರಮ್ಮ ಮಾತ್ರ ಸಿಟ್ಟಾಗಲಿಲ್ಲ. “ನಲವತ್ತೇಳನೇ ಪುಟದಲ್ಲಿ ಎರಡನೇ ಚೌಕ ಇತ್ತಲ್ಲ, ಅದನ್ನ ನೋಡಲಿಲ್ವಾ?” ಎಂದು ಕೇಳಿದರು. ನಾನು ಊಟದ ಡಬ್ಬಿಯ ವಿಷಯ ಹೇಳಿದೆ. ಅವರು ಬಹಳ ಹೊತ್ತು ನಕ್ಕು, “ನಿಮ್ಮ ಅತ್ತೆಯವರನ್ನ ನೋಡಬೇಕಲ್ಲ,” ಎಂದರು.

ಅಂದೇ ಸಂಜೆ ಬಂದರು. ಅತ್ತೆ ಅವರನ್ನು ಗೂಡಿನ ಮುಂದೆ ಮಣೆ ಹಾಕಿ ಕೂರಿಸಿ, ಎಂಟು ಮರಿಗಳನ್ನೂ ಒಂದೊಂದಾಗಿ ತೋರಿಸಿದರು. ನನ್ನ ಮಾನ ಉಳಿಸಿಕೊಳ್ಳಲು ನಾನು ಕೊನೆಯ ಪ್ರಯತ್ನ ಮಾಡಿದೆ.

“ಅರ್ಧಕ್ಕರ್ಧ ಅಂದ್ರೆ ನಾಲ್ಕು ನಾಲ್ಕು ಬರಬೇಕಿತ್ತು ಮೇಡಂ. ಮೂರು ಐದು ಬಂದಿದೆ. ಅತ್ತೆ ಹೇಳಿದ್ದೂ ಪೂರ್ತಿ ಸರಿಯಿಲ್ಲ.”

ಟೀಚರಮ್ಮ ಉತ್ತರ ಕೊಡುವ ಮೊದಲೇ ಅತ್ತೆ ಹೇಳಿದರು: “ಅಳಿಯಂದಿರೇ, ನನಗೆ ಮೂರೂ ಹೆಣ್ಣುಮಕ್ಕಳು. ಒಂದೂವರೆ ಗಂಡು ಆಗಬೇಕಿತ್ತು ಅಂತ ನಾನು ಯಾರ ಹತ್ರ ಜಗಳ ಆಡ್ಲಿ? ಒಂದೊಂದು ಸಲಾನೂ ಚೀಟಿ ಹೊಸದಾಗಿ ಎತ್ತಬೇಕು. ಹಿಂದಿನ ಸಲ ಏನು ಬಂತು ಅಂತ ಚೀಟಿಗೆ ಗೊತ್ತಿರತ್ತಾ?”

ಟೀಚರಮ್ಮ ಚೀಲದಿಂದ ಟಿಪ್ಪಣಿ ಪುಸ್ತಕ ತೆಗೆದು ಆ ಮಾತನ್ನು ಬರೆದುಕೊಂಡರು. “ಇದನ್ನ ವಿವರಿಸೋಕೆ ನನಗೆ ಎರಡು ಪುಟ ಬೇಕಾಯ್ತು,” ಎಂದರು. ಅತ್ತೆ ಸೆರಗು ಸರಿಮಾಡಿಕೊಂಡರು. ಹೆಂಡತಿ ನನ್ನ ಕಡೆ ನೋಡಿದಳು. ನಾನು ಪೊರಕೆಯ ಕಡೆ ನೋಡಿದೆ.

ಪುಸ್ತಕದ ಮೊದಲ ಪುಟಗಳು ಯಾವಾಗಲೂ ಕೊನೆಗೆ ಅಚ್ಚಾಗುತ್ತವೆ. ವಾರದ ನಂತರ ಟೀಚರಮ್ಮನ ಕೃತಜ್ಞತೆಯ ಪುಟ ನನ್ನ ಮೇಜಿಗೆ ಬಂತು. ಅತ್ತೆಯ ಹೆಸರು, ಶ್ರೀಮತಿ ಎಂಬುದರ ಸಮೇತ, ಎಲ್ಲರಿಗಿಂತ ಮೇಲಿತ್ತು. ಅದನ್ನು ಅಕ್ಷರ ಅಕ್ಷರವಾಗಿ ಓದುವುದು ನನ್ನ ಉದ್ಯೋಗಧರ್ಮ. ಓದಿದೆ. ಮುಂದಿನ ಸಾಲು ಹೀಗಿತ್ತು: ‘ತಮ್ಮ ಅನುಭವವನ್ನು ಹಂಚಿಕೊಂಡ ಈ ಹಿರಿಯರಿಗೂ, ಅವರ ಎಂಟು ಮೊಲದ ಮರಿಗಳಿಗೂ, ಅವರ ಅಳಿಲಿಗೂ ನಾನು ಋಣಿ.’

ಟೀಚರಮ್ಮನ ಕೈಬರಹದ ಪ್ರತಿ ತೆಗೆದು ನೋಡಿದೆ. ‘ಅವರ ಅಳಿಯನಿಗೂ’ ಎಂದು ಸ್ಪಷ್ಟವಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ನಾನು ಒಂದು ಪುಸ್ತಕದ ಒಳಗೆ ಬರುತ್ತಿದ್ದೆ. ಕೆಂಪು ಪೆನ್ನಿನಿಂದ ‘ಅಳಿಲಿಗೂ’ ಎಂಬುದನ್ನು ಹೊಡೆದು, ಅಂಚಿನಲ್ಲಿ ‘ಅಳಿಯನಿಗೂ’ ಎಂದು ದುಂಡಾಗಿ ಬರೆದು, ಎರಡು ಗೆರೆ ಎಳೆದು, ಪಕ್ಕದಲ್ಲಿ ‘ಇದು ಕಾಗುಣಿತ, ಬುದ್ಧಿಯಲ್ಲ’ ಎಂದು ಟಿಪ್ಪಣಿಯನ್ನೂ ಹಾಕಿದೆ.

ಪುಸ್ತಕ ಬೈಂಡಾಗಿ ಬಂದ ದಿನ ಮೊದಲ ಪ್ರತಿಯನ್ನು ತೆರೆದು, ಮುಚ್ಚಿ, ನೇರವಾಗಿ ಡಿಟಿಪಿ ಅಕ್ಕನ ಮೇಜಿಗೆ ಹೋದೆ.

“ಅಳಿಲು ಹಾಗೇ ಇದೆ,” ಎಂದೆ.

“ಮೊಲದ ಜೊತೆ ಅಳಿಲು ಇರೋದು ಸಹಜ ಸರ್,” ಎಂದಳು ಅವಳು, ಪರದೆಯಿಂದ ಕಣ್ಣು ಕೀಳದೆ. “ಮಧ್ಯೆ ಅಳಿಯ ಎಲ್ಲಿಂದ ಬಂದ? ನಿಮ್ಮನ್ನ ನೀವೇ ತೂರಿಸ್ತಿದ್ದೀರಿ ಅಂದ್ಕೊಂಡೆ. ಅದಕ್ಕೆ ಹಾಕಲಿಲ್ಲ.”

ಕೈಬರಹದ ಪ್ರತಿ ತೋರಿಸಿದೆ. ಅವಳು ಒಂದು ಗಳಿಗೆ ನೋಡಿದಳು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವಳ ಮುಖ ಕೆಂಪಾಯಿತು.

“ಟೈಪ್ ಮಾಡುವಾಗ ನನ್ನದೇ ತಪ್ಪಾಗಿದೆ ಸರ್. ಐದು ಸಾವಿರ ಪ್ರತಿ ಆಗಿಹೋಯ್ತಲ್ಲ.” ಆಮೇಲೆ ಸ್ವಲ್ಪ ಯೋಚಿಸಿ, ಸಮಾಧಾನದ ದನಿಯಲ್ಲಿ ಹೇಳಿದಳು: “ಪರವಾಗಿಲ್ಲ ಬಿಡಿ. ಅಳಿಲು ಸೇವೆ ಅಂತಾನೂ ಅಂತಾರಲ್ಲ.”

ಮನೆಯಲ್ಲಿ ಟೀಚರಮ್ಮ ಕಳಿಸಿದ ಪ್ರತಿ ನನಗಿಂತ ಮೊದಲೇ ತಲುಪಿತ್ತು. ಮುಂದಿನ ಕೋಣೆಯಲ್ಲಿ ಅಳತೆ ಕೊಡಲು ಬಂದ ಇಬ್ಬರು ಹೆಂಗಸರು, ಗೋಡೆಯ ಆಚೆಯಿಂದ ಸ್ಟೇಷನ್ ಮಾಸ್ಟರು, ಎಲ್ಲರೂ ಕೇಳುತ್ತಿದ್ದರು. ಹೆಂಡತಿ ಗಟ್ಟಿಯಾಗಿ ಓದುತ್ತಿದ್ದಳು. ಅತ್ತೆ ತಮ್ಮ ಹೆಸರನ್ನು ಮೂರು ಸಲ ಓದಿಸಿದರು. ನಾಲ್ಕನೆಯ ಸಲ ಹೆಂಡತಿ ಮುಂದಿನ ಸಾಲಿಗೂ ಹೋದಳು.

“ಅಳಿಲು?” ಎಂದು ಅತ್ತೆ ಹುಬ್ಬು ಗಂಟಿಕ್ಕಿದರು. “ನಮ್ಮನೇಲಿ ಅಳಿಲು ಯಾವುದಿದೆಯೇ?”

ಹೆಂಡತಿ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಅಡಿಯಿಂದ ಮುಡಿಯವರೆಗೆ, ಅಳತೆ ತೆಗೆಯುವವಳ ಹಾಗೆ ನೋಡಿದಳು.

“ಇದೆ ಅಮ್ಮ,” ಎಂದಳು. “ದಿನಾ ಸಂಜೆ ಆರು ಗಂಟೆಗೆ ಬರತ್ತೆ.”